ಪಂಪು ನಿಂತಾಗ ಏನಾಗುತ್ತದೆ ಎಂಬುದನ್ನೂ ಬರೆಯಿರಿ

ಪ್ರಿಯ ಲೇಖಕರೇ,

ಮೀನಿನ ತೊಟ್ಟಿಯ 12 ವೋಲ್ಟ್ ಪಂಪನ್ನು ಆರ್ಡುಯಿನೊ ಊನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ ಮೂಲಕ ಮನೆಯಲ್ಲೇ ನಿಯಂತ್ರಿಸುವುದು ಹೇಗೆಂದು ನೀವು ಬರೆದು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ತಿದ್ದಿ ಬರೆದರೆ ಖಂಡಿತ ಪ್ರಕಟಿಸಬೇಕೆಂಬ ಆಸೆ ನನಗಿದೆ. ಆದ್ದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಸ್ಮಾರ್ಟ್ ಮನೆಗಳನ್ನು ಕುರಿತ ಮೊದಲ ಪುಟವನ್ನು ಪೂರ್ತಿ ಬಿಟ್ಟುಬಿಡಿ. ಗುಂಡಿ ಒತ್ತಿದರೆ ಪಂಪು ಹತ್ತು ನಿಮಿಷ ನಿಂತು, ಹಾಕಿದ ಆಹಾರ ಫಿಲ್ಟರಿನೊಳಗೆ ಸೇರದೆ ಮೀನಿನ ಬಾಯಿಗೆ ಸಿಗುತ್ತದೆ ಎಂಬ ಭಾಗ ಮೂರನೆಯ ಪುಟದಲ್ಲಿ ಅಡಗಿಕೊಂಡಿದೆ. ಲೇಖನ ಅಲ್ಲಿಂದಲೇ ಆರಂಭವಾಗಲಿ.

ನಿಮ್ಮ ಛಾಯಾಚಿತ್ರದಲ್ಲಿ ಪಂಪಿನ ಎರಡು ತಂತಿಗಳ ನಡುವೆ ಒಂದು ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಅದರ ಬೆಳ್ಳಿ ಪಟ್ಟಿ ಧನ ತಂತಿಯ ಕಡೆಗಿರುವಂತೆ, ಸರಿಯಾಗಿಯೇ ಬೆಸೆದಿದೆ. ಸರ್ಕ್ಯೂಟ್ ಚಿತ್ರದಲ್ಲಾಗಲಿ ಬರಹದಲ್ಲಾಗಲಿ ಅದರ ಸುಳಿವೇ ಇಲ್ಲ. ಅದಿಲ್ಲದಿದ್ದರೆ, ವಿದ್ಯುತ್ ಕಡಿದಾಗ ಮೋಟಾರಿನ ಸುರುಳಿಯಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜು, ಪಂಪಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್ಫೆಟ್ ಅನ್ನು ಸುಡಬಲ್ಲದು. ಚಿತ್ರವನ್ನೇ ನಂಬಿ ಜೋಡಿಸುವ ಓದುಗರು ಆ ಡಯೋಡನ್ನು ಹಾಕುವುದೇ ಇಲ್ಲ. ಮಾಸ್ಫೆಟ್ ಆಯ್ಕೆಯೂ ಬದಲಾಗಬೇಕು. ನೀವು ಹೇಳಿರುವ ಐಆರ್‌ಎಫ್‌ಝಡ್ 44ಎನ್ ಪೂರ್ತಿ ತೆರೆದುಕೊಳ್ಳಲು ಅದರ ಗೇಟಿಗೆ, ಅಂದರೆ ನಿಯಂತ್ರಣದ ಕಾಲಿಗೆ, ಸುಮಾರು 10 ವೋಲ್ಟ್ ಬೇಕು, ಊನೊ ಕೊಡುವುದು 5 ಮಾತ್ರ. ಆ ವೋಲ್ಟೇಜಿಗೇ ತೆರೆಯುವ ಐಆರ್‌ಎಲ್‌ಝಡ್ 44ಎನ್ ಸೂಚಿಸಿ.

ಇನ್ನು, ಇದೇ ಕ್ರಮವನ್ನು ಫ್ಯಾನ್ ರೆಗ್ಯುಲೇಟರ್ ಬಳಸಿ 230 ವೋಲ್ಟ್ ಪಂಪಿಗೂ ಅನ್ವಯಿಸಬಹುದೆಂಬ ನಿಮ್ಮ ಕೊನೆಯ ಸಾಲನ್ನು ದಯವಿಟ್ಟು ತೆಗೆದುಹಾಕಿ. ನೀರಿನೊಳಗಿಡುವ ಅಂಥ ಪಂಪುಗಳಲ್ಲಿ ಸಾಮಾನ್ಯವಾಗಿ ಆಯಸ್ಕಾಂತದ ರೋಟರ್ 50 ಹರ್ಟ್ಜ್ ವಿದ್ಯುತ್ತಿನ ತಾಳಕ್ಕೆ ತಿರುಗುತ್ತದೆ. ವೋಲ್ಟೇಜು ಇಳಿಸಿದರೆ ವೇಗ ಇಳಿಯುವುದಿಲ್ಲ, ಶಕ್ತಿ ಕುಂದಿ ಒಂದು ಹಂತದಲ್ಲಿ ತಾಳ ತಪ್ಪಿ ನಿಂತೇಬಿಡುತ್ತದೆ. ನೀರಿನ ಪಕ್ಕ 230 ವೋಲ್ಟ್ ಇರುವ ಮನೆಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಬೇಕೆಂಬ ಮಾತೂ ನಿಮ್ಮಲ್ಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯದು. ನಿಮ್ಮ ಲೇಖನದಲ್ಲಿ ಪಂಪು ಯಾವಾಗಲೂ ಹೇಳಿದಂತೆ ಕೇಳುತ್ತದೆ. ಪ್ರೋಗ್ರಾಂ ಆ ಹತ್ತು ನಿಮಿಷದ ನಡುವೆ ಸಿಕ್ಕಿಹಾಕಿಕೊಂಡರೆ ಪಂಪು ಮತ್ತೆ ಏಳುವುದೇ ಇಲ್ಲ. ಮೀನಿನ ತ್ಯಾಜ್ಯದ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಸಿರುತ್ತವೆ. ನೀರು ಹರಿಯದೆ ಗಂಟೆಗಟ್ಟಲೆ ಆಮ್ಲಜನಕ ಸಿಗದಿದ್ದರೆ ಅವು ಸಾಯತೊಡಗುತ್ತವೆ, ಆಮೇಲೆ ವಿಷವಾಗುವುದು ತೊಟ್ಟಿಯ ನೀರೇ. ಗೇಟಿನಿಂದ ಗ್ರೌಂಡಿಗೆ (0 ವೋಲ್ಟ್ ಕಡೆಗೆ) 10 ಕಿಲೋಓಮ್ ರೋಧಕ ಹಾಕಿದ್ದೀರಿ. ಊನೊ ಆಜ್ಞೆ ಕೊಡದಿದ್ದಾಗ ಅದು ಪಂಪನ್ನು ನಿಲ್ಲಿಸಿಯೇ ಇಡುತ್ತದೆ. ತಾನಾಗಿ ಚಾಲೂ ಆಗಬಾರದ ಯಂತ್ರಗಳಿಗೆ ಅದೇ ಸರಿಯಾದ ರೂಢಿ. ಇಲ್ಲಿ ಮಾತ್ರ ತಾನಾಗಿ ನಿಲ್ಲುವುದೇ ಅಪಾಯ. ಆ ರೋಧಕವನ್ನು 5 ವೋಲ್ಟ್ ಕಡೆಗೆ ತಿರುಗಿಸಿ, ಊನೊದ ಚಿಪ್‌ನಲ್ಲೇ ಇರುವ ವಾಚ್‌ಡಾಗ್ ಎಂಬ ಕಾವಲು ಟೈಮರ್ ಬಳಸಿ. ಪ್ರೋಗ್ರಾಂ ಸ್ತಬ್ಧವಾದರೆ ಟೈಮರ್ ಅದನ್ನು ರೀಸೆಟ್ ಮಾಡುತ್ತದೆ, ಆ ಕ್ಷಣ ಗೇಟಿಗೆ ಜೋಡಿಸಿದ ಊನೊದ ಪಿನ್ನು ಹಿಡಿತ ಬಿಡುತ್ತದೆ, ರೋಧಕವೇ ಗೇಟನ್ನು ಮೇಲೆಳೆದು ಪಂಪನ್ನು ಓಡಿಸುತ್ತದೆ. ವಾಚ್‌ಡಾಗ್ ಗರಿಷ್ಠ 8 ಸೆಕೆಂಡಷ್ಟೇ ಕಾಯುವುದರಿಂದ ಪ್ರೋಗ್ರಾಂ ಅನ್ನೇ ಹತ್ತು ನಿಮಿಷ ತಡೆದು ನಿಲ್ಲಿಸುವ ಡಿಲೇ ಆಜ್ಞೆಯನ್ನು ಬಿಟ್ಟು, ಕಳೆದ ಮಿಲಿಸೆಕೆಂಡುಗಳನ್ನು ಹೇಳುವ ಮಿಲ್ಲಿಸ್ ಆಜ್ಞೆಯ ಮೂಲಕ ಸಮಯ ಎಣಿಸಬೇಕಾಗುತ್ತದೆ. ಕರೆಂಟು ಹೋಗಿ ಬಂದಾಗಲೂ ಪಂಪು ಓಡುವ ಸ್ಥಿತಿಯಿಂದಲೇ ಪ್ರೋಗ್ರಾಂ ಆರಂಭವಾಗಲಿ.

ತಿದ್ದಿದ ಪ್ರತಿಯೊಂದಿಗೆ ಡಯೋಡ್ ಸಹಿತ ಸರ್ಕ್ಯೂಟನ್ನು ಕೈಯಲ್ಲೇ ಬರೆದು ಕಳುಹಿಸಿದರೂ ಸಾಕು. ಪಂಪಿನ ಮೇಲೆ ಅಚ್ಚಾಗಿರುವ ಆಂಪಿಯರ್, ಅದು ಬ್ರಷ್ ಇರುವ ಮೋಟಾರೋ ಇಲ್ಲದ್ದೋ ಎಂಬುದು, ಆಹಾರದ ವಿರಾಮದ ನಡುವೆ ರೀಸೆಟ್ ಗುಂಡಿ ಒತ್ತಿದಾಗ ಪಂಪು ಏನು ಮಾಡಿತು ಎಂಬುದು, ಈ ಮೂರೂ ಅದರಲ್ಲಿರಲಿ.

ಇಂತು,
ಸಂಪಾದಕ