ಬಯಲಿನ ಮದುವೆಗೆ ಮಳೆ ವಿಮೆ ಸಿಗುತ್ತಾ?

ಹುಬ್ಬಳ್ಳಿಯಲ್ಲಿ ಮೇ ಕೊನೆಗೆ ಬಯಲಲ್ಲಿ ಮದುವೆ, ಮಳೆ ಬಂದರೆ ವಿಮೆ ದುಡ್ಡು ಬರುತ್ತಾ ಅಂತ ಕೇಳಿದ್ದೀರಿ. ಬರುತ್ತದೆ, ಆದರೆ ಸುಮ್ನೆ ಮದುವೆ ವಿಮೆ ಮಾಡಿಸಿದರೆ ಸಾಲದು. ಪಾಲಿಸಿಯಲ್ಲಿ ಕೆಟ್ಟ ಹವಾಮಾನದ ಕವರ್ ಇದೆಯಾ ನೋಡಿ. ಅದಕ್ಕೆ ಬೇರೆ ಪ್ರೀಮಿಯಂ ಇರಬಹುದು.

ಈ ಕವರ್‌ನಲ್ಲಿ ಎರಡು ಬಗೆ. ಒಂದು ಬಗೆಯಲ್ಲಿ ದುಡ್ಡು ಬರಬೇಕಾದರೆ ಮಳೆಯಿಂದ ಮದುವೆ ನಿಂತಿರಬೇಕು, ಇಲ್ಲವೇ ಮುಂದಕ್ಕೆ ಹೋಗಿರಬೇಕು. ಪೆಂಡಾಲಿನವರಿಗೆ, ಅಡುಗೆಯವರಿಗೆ ಕೊಟ್ಟ ಮುಂಗಡದ ರಸೀದಿ ತೋರಿಸಬೇಕು. ಊಟದ ಪಂಕ್ತಿ ಒದ್ದೆಯಾಗಿ ಅರ್ಧ ಜನ ಎದ್ದು ಹೋದರು ಅಂದರೆ ನಡೆಯಲ್ಲ.

ಇನ್ನೊಂದು ಬಗೆಯಲ್ಲಿ ಲೆಕ್ಕ ಮಳೆ ಮಾಪಕದ್ದು. ಗೊತ್ತು ಮಾಡಿದ ಹೊತ್ತಿನಲ್ಲಿ, ಉದಾಹರಣೆಗೆ, 10 ಮಿ.ಮೀ. ದಾಟಿದರೆ ದುಡ್ಡು. ತೊಡಕು ಇರುವುದೇ ಇಲ್ಲಿ. ನವನಗರದಲ್ಲಿ ಧೋ ಅಂತ ಸುರಿಯುವಾಗ ಹಳೇ ಹುಬ್ಬಳ್ಳಿಯಲ್ಲಿ ಧೂಳು ಏಳುತ್ತಿರುತ್ತದೆ, ಅಲ್ವಾ? ಮಾಪಕ ಎಲ್ಲಿದೆ ಅಂತ ಮೊದಲೇ ಕೇಳಿ. ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದ ಹಾವೇರಿಯ ರೈತರನ್ನು ಕೇಳಿದರೆ ಈ ಮಾಪಕದ ಕಥೆ ಚೆನ್ನಾಗಿ ಹೇಳುತ್ತಾರೆ.

ಮೋಡ ಕಟ್ಟಿದ ಮೇಲೆ ಪಾಲಿಸಿ ಸಿಗುವುದಿಲ್ಲ. ರೋಹಿಣಿ ಮಳೆ ಮೇ 25ರ ಸುಮಾರಿಗೆ ಶುರು, ಹಾಗಾಗಿ ಕೆಲವು ವಾರ ಮೊದಲೇ ಮಾಡಿಸಿ. ನನ್ನನ್ನು ಕೇಳಿದರೆ, ನೂರಿನ್ನೂರು ಜನರ ಮದುವೆಗೆ ಕಲ್ಯಾಣ ಮಂಟಪ ಹಿಡಿಯುವುದೇ ವಾಸಿ.