ಬದಲಾದರೂ ಬೈಗುಳ, ಬದಲಾಗದಿದ್ದರೂ ಬೈಗುಳ

ಪ್ರಿಯ ಓದುಗರೇ,

ಡೈನಾಸ್ಟಿ ವಾರಿಯರ್ಸ್ ಎಂಬ ವಿಡಿಯೋ ಗೇಮ್ ಸರಣಿಯ ಬಗ್ಗೆ ನೀವು ಬರೆದ ಪತ್ರ ತಲುಪಿತು. ಸಿಟ್ಟು ಸ್ವಲ್ಪ ಜಾಸ್ತಿಯೇ ಇದೆ, ಆದರೆ ಪ್ರಶ್ನೆ ನ್ಯಾಯವಾದದ್ದು. ಪತ್ರ ಉದ್ದವಿರುವುದರಿಂದ ಅದರ ತಿರುಳನ್ನಷ್ಟೇ ಇಲ್ಲಿ ಕೊಡುತ್ತೇನೆ. ‘ಡೈನಾಸ್ಟಿ ವಾರಿಯರ್ಸ್ 8 ಬಂದಾಗ ಅದೇ ಹಳೇ ಆಟ ಅಂತ ಮೂಗು ಮುರಿದಿರಿ. 9 ಬಂದಾಗ ಎಲ್ಲ ಬದಲಾಯಿಸಿ ಕೆಡಿಸಿದರು ಅಂತ ಬರೆದಿರಿ. ಈಗ ಅದೇ ಸರಣಿಯ ಒರಿಜಿನ್ಸ್ ಅನ್ನು ಹೊಗಳುತ್ತಿದ್ದೀರಿ. ಅದರಲ್ಲಿ ನನ್ನ ಇಷ್ಟದ ವೀರರನ್ನು ಆಡಲು ಬಿಡುವುದೇ ಸ್ವಲ್ಪ ಹೊತ್ತು. ಅಷ್ಟಕ್ಕೂ ನಿಮಗೆ ಬೇಕಾದದ್ದೇನು?’

ಆಟ ಬದಲಾಯಿತೋ ಇಲ್ಲವೋ ಅನ್ನುವುದು ನಮ್ಮ ತಕರಾರಲ್ಲ. ಎಲ್ಲಿ ಕೈ ಹಾಕಿದರು ಅನ್ನುವುದು ತಕರಾರು. ಈ ಸರಣಿ ಇಪ್ಪತ್ತೈದು ವರ್ಷಗಳಿಂದ ಏನಾದರೊಂದನ್ನು ಬದಲಾಯಿಸುತ್ತಲೇ ಬಂದಿದೆ. ಆದರೆ ಹೆಚ್ಚಿನ ಸಲ ಕೈ ಹಾಕಿದ್ದು ಯುದ್ಧದ ಸುತ್ತಮುತ್ತ ಇರುವ ಸಾಮಾನಿಗೆ, ಯುದ್ಧಕ್ಕಲ್ಲ.

ಆಡದವರೂ ಇದನ್ನು ಓದುತ್ತಾರೆ, ಅವರಿಗಾಗಿ ಎರಡು ಮಾತು. ಚೀನಾದ ಹಾನ್ ಸಾಮ್ರಾಜ್ಯ ಕುಸಿದು ವೇ, ವೂ, ಶೂ ಎಂಬ ಮೂರು ರಾಜ್ಯಗಳು ಹುಟ್ಟಿದ ಕಾಲದ ಕಥೆ ಇದು. ತಯಾರಿಸುವವರು ಜಪಾನಿನ ಕೊಯಿ ಕಂಪನಿಯ ಒಮೆಗಾ ಫೋರ್ಸ್ ತಂಡ. ಈಗ ಅದು ಕೊಯಿ ಟೆಕ್ಮೊ. 1997ರ ಮೊದಲ ಆಟದಲ್ಲಿ ಸೈನ್ಯವೇ ಇರಲಿಲ್ಲ. ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಫೈಟಿಂಗ್ ಗೇಮ್ ಅದು. 2000ದಲ್ಲಿ ಪ್ಲೇಸ್ಟೇಷನ್ 2 ಎಂಬ ಗೇಮ್ ಯಂತ್ರಕ್ಕೆ ಬಂದ ಎರಡನೇ ಆಟ ಅದನ್ನೆಲ್ಲ ಮೂಲೆಗೆ ತಳ್ಳಿ, ಒಬ್ಬ ವೀರನನ್ನು ನೂರಾರು ಜನರ ನಡುವೆ ಬಿಟ್ಟಿತು. ಅಂದರೆ ಹೊಸತು ಮಾಡಲು ಹೆದರುವ ತಂಡವೇನಲ್ಲ ಇದು. ತನ್ನದೇ ಮೊದಲ ಆಟವನ್ನು ಪೂರ್ತಿ ಬಿಟ್ಟುಕೊಟ್ಟೇ ಅದು ಹೆಸರು ಮಾಡಿದ್ದು.

ಆ ಹೊಸತು ಯಾಕೆ ಹಿಡಿಸಿತು? ಸಾವಿರ ಜನರನ್ನು ಕೆಡವುವ ಖುಷಿಗೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಉತ್ತರ ಅನಿಸುತ್ತದೆ. ಹಳೇ ಆಟಗಳ ಹು ಲಾವ್ ಗೇಟ್ ಯುದ್ಧವನ್ನು ನೆನಪಿಸಿಕೊಳ್ಳಿ. ಒಂದು ಮೂಲೆಯಲ್ಲಿ ನೀವು ಸಣ್ಣಪುಟ್ಟ ಸರದಾರರನ್ನು ಬಡಿಯುತ್ತಿದ್ದೀರಿ. ಚೌಕದ ಬಟನ್ ಮೂರು ಸಲ, ತ್ರಿಕೋನದ್ದು ಒಂದು ಸಲ, ಹತ್ತು ಜನ ಗಾಳಿಯಲ್ಲಿ. ಅಷ್ಟರಲ್ಲಿ ನಿಮ್ಮ ಕಡೆಯ ದಳಪತಿ ಕಷ್ಟದಲ್ಲಿದ್ದಾನೆ ಅಂತ ಪರದೆ ಮೇಲೆ ಒಂದು ಸಾಲು ಬರುತ್ತದೆ. ಮ್ಯಾಪ್ ನೋಡಿದರೆ ನೀಲಿ ಚುಕ್ಕೆಗಳು ಕರಗುತ್ತಿವೆ, ಕೆಂಪು ಚುಕ್ಕೆಗಳು ನಿಮ್ಮ ಮುಖ್ಯ ಶಿಬಿರದತ್ತ ಬರುತ್ತಿವೆ. ಇದರ ಮಧ್ಯೆ ಬಾಗಿಲು ತೆರೆದು ಶತ್ರುಪಕ್ಷದ ಮಹಾವೀರ ಲೂ ಬೂ ಬರುತ್ತಾನೆ. ಅವನ ತಂಟೆಗೆ ಹೋಗಬೇಡಿ ಅಂತ ಆಟವೇ ಎಚ್ಚರಿಸುತ್ತದೆ. ಹೋಗದೆ ಯಾರಿದ್ದಾರೆ ಹೇಳಿ! ಎರಡೇ ಹೊಡೆತಕ್ಕೆ ಜೀವ ಅರ್ಧ ಖಾಲಿ. ಅಲ್ಲಿಂದ ಓಡಿ, ದಾರಿಯಲ್ಲಿ ಸಿಕ್ಕ ಗೆಳೆಯನಿಗೆ ನೆರವಾಗಿ, ಶಿಬಿರ ಮುಟ್ಟುವ ಹೊತ್ತಿಗೆ ನಿಮ್ಮ ಸೇನಾಪತಿ ಬಿದ್ದಿರುತ್ತಾನೆ. ನೀವು ಮುನ್ನೂರು ಜನರನ್ನು ಕೆಡವಿದ್ದೀರಿ, ಆದರೂ ಸೋತಿದ್ದೀರಿ.

ಈ ಸೋಲಿನಲ್ಲೇ ಈ ಆಟದ ಜೀವ ಇದೆ. ನೀವೆಷ್ಟೇ ಬಲಶಾಲಿ ಆದರೂ ಒಂದೇ ಹೊತ್ತಿಗೆ ಎರಡು ಕಡೆ ಇರೋಕೆ ಆಗಲ್ಲ. ಎಲ್ಲಿಗೆ ಮೊದಲು ಓಡಬೇಕು ಅನ್ನುವುದೇ ನಿಜವಾದ ಆಟ. ಬಟನ್ ಒತ್ತುವುದು ಆಮೇಲಿನ ಮಾತು.

ಈಗ ನಂತರದ ಆಟಗಳನ್ನು ನೋಡಿ. ಎರಡನೇ ಆಟದಲ್ಲಿ ಆಡಬಹುದಾದ ವೀರರು 28. ಎಂಟನೆಯದಕ್ಕೆ ಬರುವಷ್ಟರಲ್ಲಿ 77. ನಡುವೆ ಹಲವು ಆಟಗಳಿಗೆ ಎಕ್ಸ್‌ಟ್ರೀಮ್ ಲೆಜೆಂಡ್ಸ್ ಅಂತ ಒಂದು ಹೆಚ್ಚುವರಿ ಆವೃತ್ತಿ, ಎಂಪೈರ್ಸ್ ಅಂತ ಇನ್ನೊಂದು. ಆರನೇ ಆಟ ಹಳೇ ಕಾಂಬೊಗಳನ್ನು, ಅಂದರೆ ಬಟನ್ ಸರಣಿಯಿಂದ ಬರುವ ಸಾಲು ಹೊಡೆತಗಳನ್ನು, ಕಿತ್ತುಹಾಕಿ, ಹೊಡೆದಷ್ಟೂ ಉದ್ದವಾಗುವ ಹೊಸ ಪದ್ಧತಿ ತಂದಿತು. ಜೊತೆಗೆ ಎಷ್ಟೋ ವೀರರಿಗೆ ಒಂದೇ ಬಗೆಯ ಹೊಡೆತಗಳನ್ನು ಹಂಚಿತು. ಜನ ಸಿಟ್ಟಾದರು, ಏಳನೇ ಆಟ ಹಳೇ ದಾರಿಗೆ ಮರಳಿತು. ಏಳರ ಬಗ್ಗೆ ನನಗೆ ಗೌರವ ಇದೆ. ಜಿನ್ ಎಂಬ ನಾಲ್ಕನೇ ಬಣ ಸೇರಿಸಿ ಕಥೆಯನ್ನು ಮುಂದಿನ ತಲೆಮಾರಿನವರೆಗೆ ಒಯ್ದಿತು. ಎಂಟರಲ್ಲಿ ‘ಹೀಗಾಗಿದ್ದರೆ?’ ಎಂಬ ದಾರಿಗಳು ಬಂದವು. ಇತಿಹಾಸದಲ್ಲಿ ಸತ್ತವನನ್ನು ನೀವು ಉಳಿಸಿದರೆ ಮುಂದಿನ ಯುದ್ಧದ ಫಲವೇ ಬೇರೆ. ಒಳ್ಳೆಯ ಯೋಚನೆ, ಒಪ್ಪುತ್ತೇನೆ. ಆದರೆ ಆ ಹೊತ್ತಿಗೆ ಯುದ್ಧ ತೀರಾ ಸಲೀಸಾಗಿತ್ತು. ಸಾಮಾನ್ಯ ಮಟ್ಟದಲ್ಲಿ ಆಡಿದರೆ ನೀಲಿ ಚುಕ್ಕೆಗಳ ಕಡೆ ನೋಡದೆಯೂ ಗೆಲ್ಲಬಹುದಿತ್ತು. ನಾವು ಮೂಗು ಮುರಿದದ್ದು ಅದಕ್ಕೆ.

ಇನ್ನು 2018ರ ಒಂಬತ್ತನೆಯದು. ಇಡೀ ಚೀನಾವನ್ನು ಎಲ್ಲಿಗೆ ಬೇಕಾದರೂ ಓಡಾಡಬಹುದಾದ ಒಂದೇ ಓಪನ್ ವರ್ಲ್ಡ್ ಮಾಡಿದರು. ಧೈರ್ಯದ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಒಂದು ಕೋಟೆಗೆ ಮುತ್ತಿಗೆ ಹಾಕಿ ನೋಡಿ. ಬಾಗಿಲ ಬಳಿ ನಿಮ್ಮ ಸೈನಿಕರು ಕಾದಾಡುತ್ತಿದ್ದಾರೆ. ನಿಮ್ಮ ಕೈಯಲ್ಲಿ ಒಂದು ಹಗ್ಗದ ಕೊಕ್ಕೆ ಇದೆ. ಗೋಡೆಗೆ ಎಸೆದಿರಿ, ಮೇಲೆ ಹತ್ತಿದಿರಿ, ಒಳಗೆ ಹಾರಿದಿರಿ, ಸೇನಾಪತಿಯನ್ನು ಹುಡುಕಿ ಬಡಿದಿರಿ. ಯುದ್ಧ ಮುಗಿಯಿತು. ಹೊರಗಿದ್ದ ಸೈನ್ಯ, ಬಾಗಿಲು, ಮುತ್ತಿಗೆ ಯಾವುದೂ ಲೆಕ್ಕಕ್ಕೇ ಇಲ್ಲ. ಒಂದು ಯುದ್ಧದಿಂದ ಇನ್ನೊಂದಕ್ಕೆ ಹೋಗಲು ಖಾಲಿ ಬಯಲಲ್ಲಿ ಕುದುರೆ ಸವಾರಿ ಬೇರೆ. ಕನ್ಸೋಲಿನಲ್ಲಿ ಫ್ರೇಮ್ ರೇಟ್, ಅಂದರೆ ಪರದೆ ಮೇಲೆ ಚಿತ್ರ ಬದಲಾಗುವ ವೇಗ, ಮುಗ್ಗರಿಸುತ್ತಿತ್ತು. ಶುರುವಿನಲ್ಲಿ ಎಷ್ಟೋ ವೀರರ ಕೈಗೆ ಅವರದ್ದಲ್ಲದ ಆಯುಧ ಕೊಟ್ಟಿದ್ದರು. ಇವನ್ನೆಲ್ಲ ಮಾಫಿ ಮಾಡಬಹುದಿತ್ತು. ಯುದ್ಧಭೂಮಿಯನ್ನು ಅಷ್ಟು ದೊಡ್ಡದು ಮಾಡಿ, ಯುದ್ಧವನ್ನೇ ಸಣ್ಣದು ಮಾಡಿದ್ದಕ್ಕೆ ಮಾಫಿ ಇಲ್ಲ.

ಎದುರಾಳಿ ಸೈನಿಕರು ಕಂಬದ ಹಾಗೆ ನಿಂತಿರುತ್ತಾರೆ, ಇದನ್ನು ಸರಿ ಮಾಡೋಕೆ ಇಷ್ಟು ವರ್ಷ ಬೇಕಿತ್ತಾ ಅಂತಲೂ ಕೇಳಿದ್ದೀರಿ. ಪ್ಲೇಸ್ಟೇಷನ್ 2ರ ಕಾಲದಲ್ಲಿ ಯಂತ್ರಕ್ಕೇ ಆಗುತ್ತಿರಲಿಲ್ಲ. ದೂರದಲ್ಲಿ ಮಂಜು, ಹತ್ತಿರ ಹೋದರೆ ದಿಢೀರ್ ಅಂತ ಸೈನಿಕರು ಹುಟ್ಟಿಕೊಳ್ಳುತ್ತಿದ್ದರು, ನೆನಪಿದೆ ಅಲ್ವಾ? ಯಂತ್ರದ ಶಕ್ತಿ ಹೆಚ್ಚಿದ ಮೇಲೂ ತೊಡಕು ಉಳಿಯಿತು. ಕ್ಯಾಮೆರಾ ನಿಮ್ಮ ಬೆನ್ನ ಹಿಂದೆ ಇರುತ್ತದೆ. ಸುತ್ತಲಿನ ನೂರು ಜನರೂ ನಿಜವಾಗಿ ಹೊಡೆದರೆ, ಹೊಡೆತ ಎಲ್ಲಿಂದ ಬಂತು ಅಂತ ನಿಮಗೆ ಕಾಣುವುದೇ ಇಲ್ಲ. ಹಾಗಾಗಿ ಅವರನ್ನು ಸುಮ್ನೆ ನಿಲ್ಲಿಸುವುದೇ ಸುಲಭದ ದಾರಿಯಾಯಿತು.

ಒರಿಜಿನ್ಸ್ ಬಗ್ಗೆ ನಮ್ಮ ಹೊಗಳಿಕೆ ಬಂದದ್ದು ಇಲ್ಲಿಂದಲೇ. 2025ರ ಜನವರಿಯಲ್ಲಿ ಬಂದ ಈ ಆಟ ಬಿಡಿ ಸೈನಿಕನನ್ನು ಜಾಣನನ್ನಾಗಿ ಮಾಡಲು ಹೋಗಲಿಲ್ಲ. ಗುಂಪಿಗೇ ಒಂದು ಬುದ್ಧಿ ಕೊಟ್ಟಿತು. ಸಾವಿರಾರು ಜನರ ದೊಡ್ಡ ದಂಡು ಒಟ್ಟಾಗಿ ನಿಲ್ಲುತ್ತದೆ, ಒಟ್ಟಾಗಿ ಮುನ್ನುಗ್ಗುತ್ತದೆ. ಅದರ ನಾಯಕ ಒಂದು ತಂತ್ರ ಹೂಡುತ್ತಾನೆ, ನೀವು ಅಷ್ಟರೊಳಗೆ ಅದನ್ನು ಮುರಿಯಬೇಕು. ಮುರಿಯದಿದ್ದರೆ ನಿಮ್ಮ ಕಡೆಯ ಸಾಲು ಒಡೆದು ಹೋಗುತ್ತದೆ. ಸರದಾರರ ಜೊತೆ ಸೆಣಸುವಾಗ ಅವರ ಹೊಡೆತದ ಲಯ ನೋಡಿ ತಡೆಯಬೇಕು, ಇಲ್ಲವೇ ಸರಿಯಾದ ಕ್ಷಣಕ್ಕೆ ಪಕ್ಕಕ್ಕೆ ಜಾರಬೇಕು. ಬರೀ ಚೌಕ ಒತ್ತುತ್ತಿದ್ದರೆ ಸಾಯುತ್ತೀರಿ. ನಿಮ್ಮ ಹಿಂದೆ ನಿಮ್ಮದೇ ಸೈನ್ಯ ಕೂಗುತ್ತಾ ಓಡಿ ಬಂದು, ಎರಡು ಸಾಲುಗಳು ಢೀ ಕೊಡುವ ಆ ಒಂದು ಕ್ಷಣ ಇದೆಯಲ್ಲ, ಎರಡನೇ ಆಟ ತೋರಿಸಲು ಹೊರಟು ಮಂಜಿನಲ್ಲಿ ಮುಚ್ಚಿಟ್ಟದ್ದು ಅದನ್ನೇ. ಒಂದು ತಿಂಗಳ ಹೊತ್ತಿಗೆ ಹತ್ತು ಲಕ್ಷ ಪ್ರತಿ ಮಾರಾಟವಾಯಿತು.

ಇದಕ್ಕೆ ತೆತ್ತ ಬೆಲೆ ನೀವು ಹೇಳಿದ್ದೇ. ವೀರರ ದೊಡ್ಡ ಪಟ್ಟಿ ಹೋಯಿತು. ಹಿಂದಿನದು ಮರೆತುಹೋದ ಒಬ್ಬ ಅನಾಮಿಕ ಅಲೆಮಾರಿ ನಾಯಕನಾದ. ಉಳಿದವರು ಗೆಳೆಯರಾಗಿ ಬಂದು, ಸ್ವಲ್ಪ ಹೊತ್ತು ನಿಮ್ಮ ಕೈಗೆ ಸಿಕ್ಕಿ, ಹೋಗುತ್ತಾರೆ. ಈ ನಷ್ಟ ಸಣ್ಣದು ಅಂತ ನಾವು ಎಲ್ಲೂ ಹೇಳಿಲ್ಲ. ವರ್ಷಗಟ್ಟಲೆ ಝಾವ್ ಯುನ್ ಆಗಿಯೇ ಆಡಿದವರಿಗೆ ಅವನನ್ನು ಪಕ್ಕದಲ್ಲಿ ನಿಂತು ನೋಡಿ ಅಂದರೆ ಹೊಟ್ಟೆ ಉರಿಯುವುದು ಸಹಜ. ಆದರೆ ಎಂಬತ್ತು ತೊಂಬತ್ತು ಜನರಿಗೆ ಬೇರೆ ಬೇರೆ ಹೊಡೆತ, ಬೇರೆ ಬೇರೆ ಕಥೆ ಮಾಡುತ್ತಾ ಕೂತರೆ ಯುದ್ಧವನ್ನು ತಿದ್ದಲು ತಂಡಕ್ಕೆ ಪುರುಸೊತ್ತು ಎಲ್ಲಿ? ಒಂಬತ್ತರಲ್ಲಿ ಆದದ್ದು ಅದೇ ಅಂತ ನನ್ನ ಊಹೆ.

ಇನ್ನೊಂದು ವಿಚಿತ್ರ ನೋಡಿ. ಈ ತಂಡ ಬೇರೆಯವರ ಮನೆಗೆ ಹೋದಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಿಂಟೆಂಡೊ ಜೊತೆ 2014ರಲ್ಲಿ ಮಾಡಿದ ಹೈರೂಲ್ ವಾರಿಯರ್ಸ್‌ನಲ್ಲಿ ದೊಡ್ಡ ಶತ್ರು ಮೈಮರೆತ ಗಳಿಗೆ ನೋಡಿ ಹೊಡೆಯಬೇಕಿತ್ತು. 2020ರಲ್ಲಿ ಅದರದ್ದೇ ಇನ್ನೊಂದು ಆಟ ಏಜ್ ಆಫ್ ಕಲಾಮಿಟಿ ಕೆಲವೇ ದಿನಗಳಲ್ಲಿ 30 ಲಕ್ಷ ಪ್ರತಿ ದಾಟಿತು. ಅದೇ ವರ್ಷದ ಪರ್ಸೋನಾ 5 ಸ್ಟ್ರೈಕರ್ಸ್ ಅಂತೂ ಅರ್ಧಕ್ಕರ್ಧ ರೋಲ್ ಪ್ಲೇಯಿಂಗ್ ಆಟ. ಹೊರಗೆ ಇಷ್ಟು ಹೊಸತು ಮಾಡಿದವರು ಸ್ವಂತ ಮನೆಯಲ್ಲಿ ಮಾತ್ರ ಅಭಿಮಾನಿಗಳ ಮುಖ ನೋಡುತ್ತಾ ಕೂತರು. ನಿಮ್ಮಂಥವರ, ನಮ್ಮಂಥವರ ಮುಖವೇ ಅದು.

ಮುಂದೇನು ಅನ್ನುವುದು ನನಗೂ ಆತಂಕದ ವಿಷಯವೇ. ಒರಿಜಿನ್ಸ್ ಕಥೆ ಕ್ರಿ.ಶ. 208ರ ಕೆಂಪು ಬಂಡೆಗಳ ಯುದ್ಧಕ್ಕೆ ನಿಲ್ಲುತ್ತದೆ. ಮೂರು ರಾಜ್ಯಗಳ ಅಸಲಿ ಜಗಳ ಇನ್ನೂ ಬಾಕಿ. ವೀರರ ಪಟ್ಟಿ ತೆಗೆದು ಯುದ್ಧ ಸರಿಮಾಡುವ ಉಪಾಯ ಒಂದೇ ಸಲಕ್ಕೆ. ಎರಡನೇ ಸಲ ತೆಗೆಯಲು ಏನೂ ಉಳಿದಿಲ್ಲ. ಪಟ್ಟಿಯನ್ನು ವಾಪಸ್ ತಂದು, ಯುದ್ಧದ ಬಿಗಿಯನ್ನೂ ಉಳಿಸಿಕೊಂಡರೆ ನಿಮ್ಮ ದೂರೂ ನಮ್ಮ ದೂರೂ ಒಟ್ಟಿಗೆ ತೀರುತ್ತವೆ. ಇಪ್ಪತ್ತು ವೀರರಾದರೂ ಸಾಕು, ಪ್ರತಿಯೊಬ್ಬರ ಕೈ ಬೇರೆ ಇರಬೇಕು.

ಕೊನೆಯಲ್ಲಿ ನಿಮ್ಮ ತಮ್ಮನ ಪ್ರಶ್ನೆ: ಹೊಸದಾಗಿ ಆಡುವವರು ಎಲ್ಲಿಂದ ಶುರು ಮಾಡಬೇಕು? ಮೊದಲು ಒರಿಜಿನ್ಸ್ ಆಡಲಿ. ವೀರರ ರುಚಿ ಹತ್ತಿದ ಮೇಲೆ ಎಂಟನೆಯದರ ಎಕ್ಸ್‌ಟ್ರೀಮ್ ಲೆಜೆಂಡ್ಸ್ ಆವೃತ್ತಿ ಹುಡುಕಲಿ, ಮತ್ತು ಶುರುವಿನಿಂದಲೇ ಕಷ್ಟದ ಮಟ್ಟದಲ್ಲಿ ಆಡಲಿ. ಒಂಬತ್ತನ್ನು ಬಿಟ್ಟರೂ ನಷ್ಟವಿಲ್ಲ. ಅದನ್ನು ಸಮರ್ಥಿಸಿ ನೀವು ಇನ್ನೊಂದು ಪತ್ರ ಬರೆಯುತ್ತೀರಿ ಅಂತ ಗೊತ್ತು, ಬರೆಯಿರಿ. ಖಂಡಿತ ಅಚ್ಚು ಹಾಕುತ್ತೇವೆ.

– ಸಂಪಾದಕ