ಓದುಗರ ಪ್ರಶ್ನೆ: ಹವಳ, ಮೀನು ದೊಡ್ಡ ಟ್ಯಾಂಕಿಗೆ ಸಾಗಿಸೋದು ಹೇಗೆ?

ಪ್ರಶ್ನೆ: ನಮಸ್ತೆ ಸರ್. ನಮ್ದು ಮಡಿಕೇರಿ ಹತ್ರ ಕಾಫಿ ತೋಟದ ಮನೆ. ಮೂರು ವರ್ಷದಿಂದ 120 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಕೊಂಡಿದೀನಿ. ಒಂದು ಜೊತೆ ಕ್ಲೌನ್ ಫಿಶ್, ಒಂದು ಗೋಬಿ ಮೀನು, ಎರಡು ಕ್ಲೀನರ್ ಸೀಗಡಿ ಇದಾವೆ, ಹವಳದಲ್ಲಿ ಜೋವಾಂತಿಡ್, ಮಶ್ರೂಮ್, ಲೆದರ್, ಆಮೇಲೆ ಬಿಲ್ ಮತ್ತು ಇಂಪೋರ್ಟ್ ಪೇಪರ್ ಸಮೇತ ತಗೊಂಡ ಒಂದು ಟಾರ್ಚ್ ಕೋರಲ್. ಈಗ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಹೊಸ ಟ್ಯಾಂಕ್ ತಂದಿದೀವಿ. ಜೂನ್ ಕೊನೇಲಿ ಒಂದು ಭಾನುವಾರ ಕೂತು ಮುಗಿಸಿಬಿಡೋಣ, ಹಳೇ ಮರಳು ಕಲ್ಲು ನೀರು ಎಲ್ಲಾ ಹಂಗೇ ಸುರಿದ್ರಾಯ್ತು ಅಂತಾರೆ ನಮ್ಮನೆಯವ್ರು. ಮಹಡಿ ಮೇಲೆ ಮರದ ಹಲಗೆ ನೆಲದ ರೂಮಲ್ಲಿ ಇಡೋ ಆಸೆ. ನೀರು ಹಿಡಿದಿಡೋಕೆ ತೋಟದ ನೀಲಿ ಡ್ರಮ್ ಇದೆ. ಸರಿ ಹೋಗುತ್ತಾ?
– ಓದುಗರು, ಮಡಿಕೇರಿ ತಾಲೂಕು

ಉತ್ತರ: ಮೊದಲು ಆ ಡ್ರಮ್ ವಿಷ್ಯ ಹೇಳ್ಬಿಡ್ತೀನಿ ಮೇಡಂ, ಯಾಕಂದ್ರೆ ಉಳಿದಿದ್ದೆಲ್ಲಾ ಸರಿಯಾಗಿ ಮಾಡಿ ಇದೊಂದು ತಪ್ಪಿದ್ರೂ ಟ್ಯಾಂಕ್ ಹೋಯ್ತು. ತೋಟದಲ್ಲಿ ನೀಲಿ ಡ್ರಮ್ ಅಂದ್ರೆ ಒಂದಲ್ಲಾ ಒಂದು ಸಲ ಅದ್ರಲ್ಲಿ ಬೋರ್ಡೋ ಅನ್ನೋ ಸ್ಪ್ರೇ ಔಷಧಿ ಕಲಸಿರ್ತಾರೆ. ಮೆಣಸಿನ ಬಳ್ಳಿಗೆ 1 ಪರ್ಸೆಂಟ್ ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದ್ರೆ ತಾಮ್ರ. ಮೀನಿಗೆ ಬರೋ ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕ್ತಾರಲ್ಲ, ಅದು ಲೀಟರಿಗೆ ತೀರಾ ಸ್ವಲ್ಪ ಇರುತ್ತೆ, ಅಷ್ಟಕ್ಕೇ ಸೀಗಡಿ, ಶಂಖದ ಹುಳ, ಹವಳ ಎಲ್ಲಾ ಸಾಯುತ್ವೆ. ಡ್ರಮ್ಮಿನ ಒಳಗೋಡೆ ಮೇಲೆ ನೀಲಿ-ಬಿಳಿ ಕಲೆ ಅಂಟಿರೋದನ್ನ ನೋಡೇ ಇರ್ತೀರ, ಉಜ್ಜಿ ತೊಳೆದ್ರೂ ನಂಬೋ ಹಾಗಿಲ್ಲ. ಕುಡಿಯೋ ನೀರಿಗೆ ಅಂತಲೇ ಮಾರೋ ಹೊಸ ಡ್ರಮ್, ಟಬ್ ತಗೊಳ್ಳಿ, ಮೇಲೆ ಮಾರ್ಕರಲ್ಲಿ ಟ್ಯಾಂಕಿಗೆ ಮಾತ್ರ ಅಂತ ಬರೀರಿ, ಕೆಲಸದವ್ರಿಗೂ ಹೇಳಿಡಿ.

ಎರಡನೇದು ಮಹಡಿ. ನಿಮ್ಮ ಅಳತೆಗೆ 450 ಲೀಟರ್ ನೀರು ಹಿಡಿಯುತ್ತೆ, ಉಪ್ಪುನೀರು ಸಿಹಿನೀರಿಗಿಂತ ಭಾರ ಬೇರೆ, ಗಾಜು ಕಲ್ಲು ಮರಳು ಸ್ಟ್ಯಾಂಡ್ ಸೇರಿದ್ರೆ 600 ಕೆಜಿ ದಾಟುತ್ತೆ. ಹಳೇ ಮನೆ ಹಲಗೆ ಮೇಲೆ ದಯವಿಟ್ಟು ಬೇಡ. ಕೆಳಗೆ ಸಿಮೆಂಟ್ ನೆಲದ ಮೇಲೆ, ಗೋಡೆ ಪಕ್ಕ ಲೆವೆಲ್ ನೋಡಿ ಇಡಿ.

ಇನ್ನು ಜೂನ್. ನಮ್ಮ ಮಳೆ ನಿಮಗೇ ಗೊತ್ತಲ್ಲ, ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಕರೆಂಟ್ ಯಾವಾಗ ಬರುತ್ತೋ. ಹವಳ ಟಬ್ಬಲ್ಲಿ, ಮೀನು ಬಕೆಟಲ್ಲಿ ಇರೋವಾಗ ಹೀಟರ್ ಪಂಪ್ ಎರಡೂ ನಿಂತ್ರೆ ಏನೂ ಮಾಡೋಕಾಗಲ್ಲ. ಹಾಗಂತ ಮಳೆಗಾಲ ಸುಮ್ನೆ ಕಳೀಬೇಕಾಗಿಲ್ಲ. ಈಗ್ಲೇ ಹೊಸ ಟ್ಯಾಂಕಿಗೆ ಆರ್‌ಓ-ಡಿಐ (ಕರಗಿದ ಉಪ್ಪು, ಲೋಹ ಎಲ್ಲಾ ಸೋಸಿ ತೆಗೆದ) ನೀರು ತುಂಬಿ, ಉಪ್ಪು ಬೆರೆಸಿ, ಹೊಸ ಮರಳು, ಒಂದಷ್ಟು ಒಣಕಲ್ಲು ಹಾಕಿ, ಹಳೇ ಟ್ಯಾಂಕಿಂದ ಒಂದು ಸಣ್ಣ ಕಲ್ಲು ತಂದಿಟ್ಟು ಓಡಿಸ್ತಾ ಇರಿ. ದಿನಾ ಚಿಟಿಕೆ ಮೀನಿನ ಫುಡ್ ಹಾಕಿದ್ರೆ ಕೊಳೆ ಅರಗಿಸೋ ಬ್ಯಾಕ್ಟೀರಿಯಾಗೆ ತಿನ್ನೋಕೆ ಸಿಗುತ್ತೆ, ಸಾಮಾನ್ಯವಾಗಿ 4ರಿಂದ 6 ವಾರದಲ್ಲಿ ಮೀನಿಗೆ ವಿಷವಾಗೋ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುತ್ವೆ. ಕರೆಂಟ್ ಹೋದ್ರೂ ಒಳಗೆ ಮೀನಿಲ್ಲ, ಹವಳ ಇಲ್ಲ, ಭಯ ಇಲ್ಲ. ಸಾಗಿಸೋ ಕೆಲ್ಸ ಅಕ್ಟೋಬರಿನ ತುಲಾ ಸಂಕ್ರಮಣ ಕಳೆದು ಹುತ್ತರಿ ಹಬ್ಬದ ಚಳಿ ಶುರುವಾಗೋ ಮುಂಚೆ ಇಟ್ಕೊಳ್ಳಿ.

ಮರಳಿನ ವಿಷ್ಯದಲ್ಲಿ ನಿಮ್ಮನೆಯವ್ರ ಮಾತು ಕೇಳ್ಬೇಡಿ. ಬ್ಯಾಕ್ಟೀರಿಯಾ ಇರೋದು ನೀರಲ್ಲಿ ಅಲ್ಲ, ಮುಖ್ಯವಾಗಿ ಕಲ್ಲಿನ ಮೇಲೆ, ಕಲ್ಲಿನ ತೂತುಗಳೊಳಗೆ. ಮರಳಲ್ಲೂ ಇರುತ್ತೆ ನಿಜ, ಆದ್ರೆ ಮೂರು ವರ್ಷದ ಮರಳಿನ ಅಡೀಲಿ ಕೊಳೆತ ಫುಡ್ಡು, ಮೀನಿನ ಹೇಲು ಎಲ್ಲಾ ಸೇರ್ಕೊಂಡಿರುತ್ತೆ, ಕೆದಕಿದ್ರೆ ಕೊಳೆತ ಮೊಟ್ಟೆ ವಾಸ್ನೆ ಬರುತ್ತೆ, ಅದು ಹೈಡ್ರೋಜನ್ ಸಲ್ಫೈಡ್, ಜೊತೆಗೆ ಅಮೋನಿಯಾ. ಟ್ಯಾಂಕ್ ಬದಲಾಯಿಸಿದ ಮಾರನೇ ದಿನ ಮೀನೆಲ್ಲಾ ಸತ್ತಿದೆ ಅಂತ ಬರೆಯೋರಲ್ಲಿ ತುಂಬಾ ಜನ ಹಳೇ ಮರಳು ಹಂಗೇ ಸುರಿದಿರ್ತಾರೆ. ಮೇಲ್ಪದರದ್ದು ಒಂದು ಲೋಟ ತಗೊಳ್ಳಿ ಸಾಕು, ಉಳಿದಿದ್ದು ಬಿಸಾಕಿ. ಕಲ್ಲುಗಳನ್ನ ಮಾತ್ರ ನಲ್ಲಿ ನೀರಲ್ಲಿ ತೊಳೀಲೇಬೇಡಿ, ಉಪ್ಪುನೀರಲ್ಲೇ ಅಲ್ಲಾಡಿಸಿ ಕೊಳೆ ಉದುರಿಸಿ.

ಹಿಂದಿನ ದಿನವೇ ಎರಡೂ ಟ್ಯಾಂಕಿನ ಉಪ್ಪಿನಂಶ, ಟೆಂಪರೇಚರ್ ಒಂದೇ ಇದೆಯಾ ನೋಡ್ಕೊಳ್ಳಿ: ಸ್ಪೆಸಿಫಿಕ್ ಗ್ರಾವಿಟಿ (ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಅನ್ನೋ ಅಳತೆ) 1.025, 25 ಡಿಗ್ರಿ ಹತ್ರ. ಆ ದಿನ ಏನನ್ನೂ ಮುಟ್ಟೋ ಮುಂಚೆ ತಿಳಿ ನೀರನ್ನ ಪೈಪಲ್ಲಿ ಟಬ್ಬುಗಳಿಗೆ ಇಳಿಸ್ಕೊಳ್ಳಿ, ಮರಳು ಕದಡಿದ ಮೇಲೆ ಆ ನೀರು ಸಿಗಲ್ಲ. ಹವಳ ಮೊದಲು, ಆಮೇಲೆ ಕಲ್ಲು, ಕೊನೆಗೆ ಮೀನು. ಕಲ್ಲಿದ್ದಾಗ ಬಲೆ ಹಿಡ್ಕೊಂಡು ಕ್ಲೌನ್ ಫಿಶ್ ಅಟ್ಟಿಸಿಕೊಂಡು ಹೋಗ್ಬೇಡಿ, ಕಲ್ಲೆಲ್ಲಾ ತೆಗೆದು ನೀರು ನಾಲ್ಕು ಬೆರಳು ಉಳಿದಾಗ ತಾವೇ ಸಿಗ್ತಾವೆ. ಗೋಬಿ ಕಲ್ಲಿನ ತೂತೊಳಗೆ ಹೊಕ್ಕಿರುತ್ತೆ, ಪ್ರತಿ ಕಲ್ಲನ್ನೂ ಟಬ್ ಮೇಲೆ ಓರೆ ಹಿಡಿದು ನೋಡಿ. ಮೀನಿನ ಟಬ್ಬಿಗೆ ಬ್ಯಾಟರಿ ಏರ್ ಪಂಪ್, ಮೇಲೆ ಮುಚ್ಚಳ. ಹೊಸ ಟ್ಯಾಂಕಿಗೂ ಮೇಲೆ ನೆಟ್ ಹಾಕಿ, ಹೊಸ ಜಾಗದಲ್ಲಿ ಗೋಬಿ ಹಾರುತ್ತೆ.

ಟಾರ್ಚ್ ಕೋರಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಅದ್ರ ಬೆರಳುಗಳು ನೀರು ತುಂಬ್ಕೊಂಡು ಉಬ್ಬಿರ್ತಾವೆ, ಒಳಗಿರೋ ಅಸ್ಥಿಯ ಅಂಚು ಮಾತ್ರ ಬ್ಲೇಡ್ ತರ ಚೂಪು. ಉಬ್ಬಿದ ಹಾಗೇ ನೀರಿಂದ ಮೇಲೆತ್ತಿದ್ರೆ ಆ ಭಾರಕ್ಕೆ ಮಾಂಸ ಜೋತು ಅಂಚಿಗೆ ಸಿಕ್ಕಿ ಹರಿಯುತ್ತೆ, ಹರಿದ ಜಾಗದಿಂದ ಕೊಳೆಯೋಕೆ ಶುರುವಾಗಿ ಇಡೀ ತಲೆ ಹೋಗಬಹುದು. ಅರ್ಧ ಗಂಟೆ ಮುಂಚೆ ಲೈಟ್, ವೇವ್‌ಮೇಕರ್ (ನೀರಲ್ಲಿ ಅಲೆ ಎಬ್ಬಿಸೋ ಪಂಪ್) ಆಫ್ ಮಾಡಿ, ಹತ್ರ ಕೈಯಿಂದ ಮೆಲ್ಲಗೆ ನೀರಾಡಿಸಿ, ಬೆರಳು ಒಳಗೆಳ್ಕೊಂಡ ಮೇಲೆ ಕೆಳಗಿನ ಕಲ್ಲಿನ ಕಾಂಡ ಹಿಡಿದು ನೀರೊಳಗೇ ಒಂದು ಡಬ್ಬಿಗೆ ಇಳಿಸಿ ಡಬ್ಬಿ ಸಮೇತ ಎತ್ತಿ. ಹೊಸ ಜಾಗದಲ್ಲಿ ಸುತ್ತ ಅರ್ಧ ಅಡಿಯಾದ್ರೂ ಖಾಲಿ ಬಿಡಿ, ಪಕ್ಕದ ಹವಳಗಳನ್ನ ಚುಚ್ಚುತ್ತೆ.

ಜೋವಾಂತಿಡ್ ಮುಟ್ಟೋವಾಗ ಗ್ಲೌಸ್, ಕನ್ನಡಕ ಎರಡೂ ಬೇಕು. ಕೆಲವು ಜಾತೀಲಿ ಪ್ಯಾಲಿಟಾಕ್ಸಿನ್ ಅನ್ನೋ ತುಂಬಾ ಕೆಟ್ಟ ವಿಷ ಇರುತ್ತೆ. ಬ್ರಷ್ ಹಾಕಿ ಉಜ್ಜೋದು, ಆ ಕಲ್ಲಿಗೆ ಬಿಸಿನೀರು ಹುಯ್ಯೋದು ಯಾವತ್ತೂ ಮಾಡ್ಬೇಡಿ, ಆ ಆವಿ ಕುಡಿದು ಇಡೀ ಮನೆಯವ್ರು ಆಸ್ಪತ್ರೆ ಸೇರಿದ ಘಟನೆಗಳಿದಾವೆ. ಮಕ್ಕಳು, ನಾಯಿ ಆ ಹೊತ್ತಲ್ಲಿ ರೂಮಿಂದ ಹೊರಗಿರ್ಲಿ.

ಹೊಸ ಲೈಟ್ ಜಾಸ್ತಿ ಪವರಿನದ್ದಾಗಿದ್ರೆ ಅರ್ಧಕ್ಕಿಟ್ಟು ಎಲ್ಲಾ ಹವಳಾನೂ ತಳದಲ್ಲೇ ಇಡಿ, 3-4 ವಾರದಲ್ಲಿ ಸ್ವಲ್ಪ ಸ್ವಲ್ಪ ಏರಿಸಿ. ಹವಳದ ಮೈಯೊಳಗಿನ ಪಾಚಿಗೆ ಒಮ್ಮೆಗೇ ಜೋರು ಬೆಳಕು ಬಿದ್ರೆ ಹವಳ ಅದನ್ನ ಹೊರಹಾಕಿ ಬೆಳ್ಳಗಾಗುತ್ತೆ. ಲೆದರ್ ಕೋರಲ್ ಒಂದು ವಾರ ಮುದುಡ್ಕೊಂಡು ಮೇಲೆ ಮೇಣದ ತರ ಪೊರೆ ಬಿಡಬಹುದು, ಗಾಬರಿ ಬೇಡ. ಎರಡು ವಾರ ದಿನಾ ಅಮೋನಿಯಾ ಟೆಸ್ಟ್ ಮಾಡಿ, ಫುಡ್ ಕಮ್ಮಿ ಹಾಕಿ, ಹೊಸ ಮೀನು ಸದ್ಯಕ್ಕೆ ತರಬೇಡಿ. ಹೀಟರ್ ಒಂದೇ ದೊಡ್ಡದು ಬೇಡ, ಸಣ್ಣವು ಎರಡಿರ್ಲಿ. ಕರೆಂಟ್ ಹೋದಾಗ ಇನ್ವರ್ಟರಲ್ಲಿ ವೇವ್‌ಮೇಕರ್ ಓಡ್ಲಿ, ಟ್ಯಾಂಕಿಗೆ ಕಂಬಳಿ ಸುತ್ತಿ. ಅಷ್ಟು ನೀರು ತಣ್ಣಗಾಗೋಕೆ ಟೈಮ್ ಬೇಕು, ಆಮ್ಲಜನಕ ಅದಕ್ಕಿಂತ ಬೇಗ ಖಾಲಿಯಾಗುತ್ತೆ.

ಪ್ರಶ್ನೆ: ಆರ್‌ಓ-ಡಿಐ ದುಬಾರಿ. ನಮ್ಮೂರಲ್ಲಿ ಇಷ್ಟು ಮಳೆ, ಮಾಡಿನ ನೀರು ಹಿಡಿದು ಉಪ್ಪು ಹಾಕಬಹುದಾ? ಇಲ್ಲಾಂದ್ರೆ ಮಂಗಳೂರಿಂದ ಸಮುದ್ರದ ನೀರೇ ತಂದ್ರೆ?
– ವಿದ್ಯಾರ್ಥಿ, ಸೋಮವಾರಪೇಟೆ

ಉತ್ತರ: ಎರಡೂ ಬೇಡಪ್ಪಾ. ತೋಟದ ನಡುವಿನ ಮನೆ ಮಾಡಿನ ಮೇಲೆ ಸ್ಪ್ರೇ ಹಾರಿ ಬಿದ್ದಿರುತ್ತೆ, ತಗಡಿನ ಶೀಟಾದ್ರೆ ಸತುವೂ ಇಳಿಯುತ್ತೆ. ಮಳೆ ನೀರನ್ನ ಆ ಸೋಸೋ ಯೂನಿಟ್ ಮೂಲಕ ಬಿಡೋದಾದ್ರೆ ಸರಿ, ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಅಳತೆ) ಸೊನ್ನೆ ಬರ್ಬೇಕು. ಮಂಗಳೂರಲ್ಲಿ ಮಳೆಗಾಲಕ್ಕೆ ನೇತ್ರಾವತಿ, ಗುರುಪುರ ಎರಡೂ ಹೊಳೆ ಕೆಂಪಾಗಿ ಸಮುದ್ರ ಸೇರ್ತಾವೆ, ದಡದ ನೀರಲ್ಲಿ ಉಪ್ಪು ಕಮ್ಮಿ, ಮಣ್ಣು ಜಾಸ್ತಿ.

ಪ್ರಶ್ನೆ: ಲಕ್ಷದ್ವೀಪಕ್ಕೆ ಹೋಗೋ ಫ್ರೆಂಡ್ ಒಂದು ಸಣ್ಣ ಗಟ್ಟಿ ಹವಳ ತಂದ್ಕೊಡ್ತೀನಿ ಅಂತಾನೆ. ಹೊಸ ಟ್ಯಾಂಕಿಗೆ ಹಾಕಲಾ?
– ಓದುಗರು, ಕುಶಾಲನಗರ

ಉತ್ತರ: ತರೋಕೇ ಬಿಡಬೇಡಿ. ಬಂಡೆ ಕಟ್ಟೋ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿವೆ, ಜೀವ ಇದ್ರೂ ಸತ್ತಿದ್ರೂ ಸಮುದ್ರದಿಂದ ಎತ್ತೋ ಹಾಗಿಲ್ಲ, ಜೈಲಾಗೋ ಕೇಸು. ಅಲ್ಲಿನ ಹವಳ 1998, 2010, 2016ರಲ್ಲಿ ನೀರು ಬಿಸಿಯಾಗಿ ಬೆಳ್ಳಗಾಗಿ ಎಷ್ಟೋ ಸತ್ತಿವೆ, ಉಳಿದಿದ್ದನ್ನ ಮುರಿದು ಬ್ಯಾಗಲ್ಲಿ ಹಾಕ್ಕೊಂಡು ಬರೋದು ನನಗಂತೂ ನೋವಿನ ವಿಷ್ಯ. ಈಗಾಗ್ಲೇ ಸಾಕಿರೋರ ಹತ್ರ ಮಶ್ರೂಮ್ ಇಲ್ಲಾ ಲೆದರ್ ಕೋರಲಿನ ಒಂದು ತುಂಡು ಕೇಳಿ, ಅವು ಕತ್ತರಿಸಿದ್ರೂ ಬೆಳೀತಾವೆ.